ಎಡಚಕ್ಕನ ಗೂಟ

ಎಡಚಕ್ಕನ ಕತ್ತರಿಯನ್ನು ಬಲಗೈಯಲ್ಲಿ ಹಿಡಿದರೆ ಅದು ಬಟ್ಟೆಯನ್ನು ಕತ್ತರಿಸುವುದಿಲ್ಲ, ಹಲ್ಲುದುರಿದ ಮುದುಕಿಯ ಹಾಗೆ ಅಗಿಯುತ್ತದೆ. ಅಂಗಡಿಯಲ್ಲಿ ಸಿಗುವ ಕತ್ತರಿಗಳೆಲ್ಲ ಬಲಗೈಯವರಿಗೆಂದೇ ಹುಟ್ಟಿದವು. ಎಡಗೈಯಲ್ಲಿ ಹಿಡಿದರೆ ಮೇಲಿನ ಅಲಗು ಗೆರೆಗೆ ಅಡ್ಡ ಬಂದು, ಎಲ್ಲಿ ಕತ್ತರಿಸುತ್ತಿದ್ದೇವೆ ಅನ್ನುವುದೇ ಕಾಣುವುದಿಲ್ಲ. ಅದಕ್ಕೇ ಅವಳು ಹರೆಯದಲ್ಲೇ ಒಬ್ಬ ಕಮ್ಮಾರನ ಬೆನ್ನು ಬಿದ್ದು, ಅಲಗುಗಳನ್ನು ಅದಲುಬದಲು ಮಾಡಿಸಿ, ತನಗೊಂದು ಕತ್ತರಿ ಮಾಡಿಸಿಕೊಂಡಳು. "ಇಂಥ ತಲೆಕೆಳಗಿನ ಕೆಲಸ ನಾನು ಮಾಡಿಲ್ಲಮ್ಮ" ಅಂದನಂತೆ ಕಮ್ಮಾರ. "ಇಂಥ ತಲೆಕೆಳಗಿನ ಕೈ ನೀನು ನೋಡಿಲ್ಲ, ಹೊಡಿ ಸುತ್ತಿಗೆ" ಅಂದಳಂತೆ ಇವಳು.

ನಾನು ಅವಳನ್ನು ಮೊದಲು ನೋಡಿದ್ದು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ. ಆಗ ಅವಳದು ಹೊಲಿದ ಬಟ್ಟೆಯಲ್ಲಿ ಉಳಿದ ನೂಲು ಚಿವುಟುವ ಕೆಲಸ, ನನ್ನದು ಇಸ್ತ್ರಿ. ಕತ್ತರಿಸುವ ಮೇಜಿನ ಮೇಸ್ತ್ರಿ ಒಬ್ಬನಿದ್ದ. ಮೇಜಿನ ಹತ್ತಿರ ಹೆಂಗಸು ಸುಳಿದರೇ ಅವನಿಗೆ ಮೈ ಉರಿಯುತ್ತಿತ್ತು, ಇನ್ನು ಎಡಗೈಯ ಹೆಂಗಸು ಸುಳಿದರೆ ಕೇಳಬೇಕೆ? ಮರದ ಅಡಿಕೋಲಿನಿಂದ ಅವಳ ಎಡಗೈ ಗೆಣ್ಣಿಗೆ ಬಾರಿಸಿ "ಹೋಗೇ ಎಡಚಿ" ಅನ್ನುತ್ತಿದ್ದ. ಹೆಸರು ಅಲ್ಲಿಂದ ಬಂತು. ಅಕ್ಕ ಅನ್ನುವುದನ್ನು ನಾವು ಆಮೇಲೆ ಸೇರಿಸಿದೆವು, ಮರ್ಯಾದೆಗೆ.

ಅವನು ಹತ್ತಿರ ಸೇರಿಸದಿದ್ದರೂ ಇವಳು ಕಲಿತಳು. ಮೇಜಿನ ಆಚೆ ಬದಿ, ಅವನಿಗೆ ಎದುರಾಗಿ ನೆಲ ಗುಡಿಸುವ ನೆಪದಲ್ಲಿ ನಿಂತು ನೋಡುತ್ತಿದ್ದಳು. "ಎದುರಿಗೆ ನಿಂತ್ರೆ ಅವನ ಬಲಗೈ ನನ್ನ ಎಡಗೈ ಕಡೆಗೆ ಇರುತ್ತೆ ಕಣೇ, ಕನ್ನಡೀಲಿ ನೋಡಿದ ಹಾಗೆ" ಅಂತ ಒಮ್ಮೆ ಹೇಳಿದ್ದಳು. ಹಾಗಾಗಿ ಅವಳ ವಿದ್ಯೆಯೆಲ್ಲ ಕನ್ನಡಿ ವಿದ್ಯೆ. ಎಲ್ಲರೂ ಬಟ್ಟೆಯ ಮುಖ ಮೇಲೆ ಮಾಡಿ ಎಡದಿಂದ ಹಾಸಿದರೆ, ಅವಳು ಮಗುಚಿ, ಒಳಮೈ ಮೇಲೆ ಮಾಡಿ ಬಲದಿಂದ ಹಾಸುತ್ತಾಳೆ. ಗೆರೆ ಎಳೆಯಲು ಬಟ್ಟೆಯ ಮೇಲಿಡುವ ರಟ್ಟಿನ ನಕ್ಷೆಯನ್ನೂ ಮಗುಚಿಯೇ ಇಡುತ್ತಾಳೆ. ಎರಡು ಸಲ ಮಗುಚಿದ್ದು ಸರಿಯಾಗಿಯೇ ಬರುತ್ತದೆ. ಮೇಸ್ತ್ರಿ ಕಾಯಿಲೆ ಬಿದ್ದ ಒಂದು ವಾರ ಮೇಜು ಅವಳ ಕೈಗೆ ಬಂತು. ಅವನು ವಾಪಸ್ ಬಂದಾಗ ಅವಳು ಸರಿಯಲಿಲ್ಲ. ಅಷ್ಟೇ ಕಥೆ.

ಮುಂದೆ ಕಾರ್ಖಾನೆಗೆ ಬೀಗ ಬಿತ್ತು, ನಾವು ಗೇಟಿನ ಮುಂದೆ ಕೂತೆವು. ಮಳೆ, ಬಿಸಿಲು, ಪೊಲೀಸರ ಬೂಟು, ಎಲ್ಲ ಆಯಿತು. ಅದನ್ನು ಹಾಡಿ ಹೊಗಳುವವರು ಬೇರೆ ಇದ್ದಾರೆ. ನನಗೆ ನೆನಪಿರುವುದು ಸೊಳ್ಳೆ, ಮತ್ತು ಗೇಟಿನ ಮುಂದೆಯೂ ಕತ್ತರಿಯನ್ನು ಸೆರಗಿನಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಕೂತಿದ್ದ ಎಡಚಕ್ಕ. ಕೊನೆಗೆ ಮಾಲೀಕ ಓಡಿಹೋದ, ಯಂತ್ರಗಳು ಉಳಿದವು. ನಾವು ಸಂಘ ಮಾಡಿಕೊಂಡು ಒಳಗೆ ಹೋದೆವು.

ಒಳಗೆ ಹೋದ ಮೇಲೆ ಮಾಡಿದ ಮೊದಲ ನಿರ್ಣಯ: ಇಲ್ಲಿ ಸ್ವಂತದ್ದು ಅಂತ ಏನೂ ಇಲ್ಲ. ಮೇಜು ಎಲ್ಲರದು, ನೂಲು ಎಲ್ಲರದು, ಲಾಭ ನಷ್ಟ ಎಲ್ಲರದು. ಹುರುಪಿನಲ್ಲಿ ಎಷ್ಟು ದೂರ ಹೋದೆವೆಂದರೆ, ಟೀ ಲೋಟದ ತಳದಲ್ಲಿ ತನ್ನ ಹೆಸರು ಗೀಚಿಕೊಂಡವಳನ್ನು ಸಭೆಯಲ್ಲಿ ನಿಲ್ಲಿಸಿ ಪ್ರಶ್ನೆ ಮಾಡಿದೆವು. ಪ್ರಶ್ನೆ ಮಾಡಿದವಳು ನಮ್ಮ ಅಧ್ಯಕ್ಷೆ. ಅವಳು ಕಾಲರ್ ಹೊಲಿಯುವವಳು. ಹೊಲಿಗೆ ಸಣ್ಣದು, ಬಾಯಿ ದೊಡ್ಡದು. ಗೇಟಿನ ಮುಂದೆ ಮೈಕಿಲ್ಲದೆ ಬೀದಿಯ ಆ ತುದಿಗೂ ಕೇಳಿಸುತ್ತಿದ್ದಳಾದ್ದರಿಂದ ಅವಳನ್ನು ಭಾಷಣದಕ್ಕ ಅನ್ನುತ್ತೇವೆ. ಎದುರಿಗೇ ಅನ್ನುತ್ತೇವೆ, ಅವಳಿಗೆ ಬೇಜಾರಿಲ್ಲ.

ಕಂಪ್ಯೂಟರ್ ಬಂದದ್ದು ಎಡಚಕ್ಕನ ಸೊಸೆಯಿಂದ. ಸೊಸೆ ಗ್ರಂಥಾಲಯದಲ್ಲಿ ಕಂಪ್ಯೂಟರ್ ಕೆಲಸದವಳು, ಪ್ರೋಗ್ರಾಂ ಬರೆಯಬಲ್ಲವಳು. ಅತ್ತೆ ಸೊಸೆ ಜಗಳ ಆಡಿದ್ದನ್ನು ನಾನು ನೋಡಿಲ್ಲ. ಆದರೆ ಅವರ ಅಡುಗೆಮನೆಗೆ ಹೋದವರಿಗೆ ಯುದ್ಧ ಗೊತ್ತಾಗುತ್ತಿತ್ತು. ಬೆಳಿಗ್ಗೆ ಅತ್ತೆ ಅಡುಗೆ ಮಾಡಿದರೆ ಬಾಣಲೆ, ಸೌಟು, ಕೆಟಲ್ಲು, ಎಲ್ಲದರ ಹಿಡಿ ಎಡಕ್ಕೆ. ಸಂಜೆ ಸೊಸೆ ಮಾಡಿದರೆ ಎಲ್ಲ ಬಲಕ್ಕೆ. ಉಪ್ಪಿನ ಡಬ್ಬಿ ದಿನಕ್ಕೆರಡು ಸಲ ಒಲೆಯ ಈ ಬದಿಯಿಂದ ಆ ಬದಿಗೆ ವಲಸೆ ಹೋಗುತ್ತಿತ್ತು. ಇಬ್ಬರೂ ತುಟಿ ಪಿಟಕ್ಕೆನ್ನದೆ ಹಿಡಿ ತಿರುಗಿಸುತ್ತಾ ಸಂಸಾರ ಮಾಡಿಕೊಂಡಿದ್ದರು. ನಡುವೆ ಇದ್ದ ಮಗ ಆಸ್ಪತ್ರೆಯಲ್ಲಿ ನರ್ಸು. ಅವನು ಬಡಿಸಿದ್ದನ್ನು ಉಂಡು ಡ್ಯೂಟಿಗೆ ಹೋಗುತ್ತಿದ್ದ, ಜಾಣ.

ರಟ್ಟಿನ ನಕ್ಷೆಗಳು ಹರಿದು ಚಿಂದಿಯಾಗಿದ್ದನ್ನು ನೋಡಿ ಸೊಸೆಯೇ ಮುಂದೆ ಬಂದು ಒಂದು ಪ್ರೋಗ್ರಾಂ ಬರೆದುಕೊಟ್ಟಳು. ಅಳತೆ ಕೊಟ್ಟರೆ ಅದು ತೋಳು, ಬೆನ್ನು, ಎದೆ, ಕಾಲರಿನ ನಕ್ಷೆಯನ್ನು ಪರದೆಯ ಮೇಲೆ ಬಿಡಿಸಿ ಅಗಲ ಕಾಗದದ ಮೇಲೆ ಪ್ರಿಂಟ್ ಮಾಡಿ ಕೊಡುತ್ತದೆ. ಕಾಗದವನ್ನು ಬಟ್ಟೆಯ ಮೇಲೆ ಹಾಸಿ ಕತ್ತರಿಸುವುದು. ಎಡಚಕ್ಕನಿಗಾಗಿ ಅದರಲ್ಲಿ ನಕ್ಷೆಯನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಪ್ರಿಂಟ್ ಮಾಡುವ ಸೆಟ್ಟಿಂಗ್ ಇಟ್ಟಿದ್ದಳು. ಅಕ್ಷರ ದೊಡ್ಡದು ಮಾಡುವ ಸೆಟ್ಟಿಂಗನ್ನೂ ಇಟ್ಟಿದ್ದಳು, ಯಾರಿಗಾಗಿ ಅಂತ ಹೇಳಿರಲಿಲ್ಲ.

ಪ್ರೋಗ್ರಾಂ ತಂದ ದಿನ ಸಭೆಯಲ್ಲಿ ಅವಳು ಒಂದು ಪ್ರಶ್ನೆ ಕೇಳಿದಳು. "ಒಬ್ಬೊಬ್ಬರ ಸೆಟ್ಟಿಂಗ್ ಎಲ್ಲಿಡಲಿ?"

"ಎಲ್ಲಿಡೋದು ಅಂದ್ರೆ?" ಅಂದಳು ಭಾಷಣದಕ್ಕ.

"ಕಂಪ್ಯೂಟರಿನೊಳಗೆ ಒಬ್ಬೊಬ್ಬರಿಗೂ ಅವರವರ ಹೆಸರಲ್ಲಿ ಒಂದು ಜಾಗ ಇರುತ್ತೆ. ಮನೆ ಫೋಲ್ಡರ್ ಅಂತೀವಿ. ಯಾರಿಗೆ ಎಷ್ಟು ದೊಡ್ಡ ಅಕ್ಷರ ಬೇಕು, ನಕ್ಷೆ ಯಾವ ಕಡೆಯಿಂದ ಬೇಕು, ಅದೆಲ್ಲ ಅವರವರ ಮನೇಲಿರ್ಬೇಕು. ಪ್ರೋಗ್ರಾಂ ಇರೋ ಫೋಲ್ಡರ್‌ನಲ್ಲಿ ಅಲ್ಲ. ಅಲ್ಲಿಟ್ರೆ ಒಬ್ಬರದ್ದರ ಮೇಲೆ ಇನ್ನೊಬ್ಬರದ್ದು ಕೂರುತ್ತೆ."

ಭಾಷಣದಕ್ಕ ಎದ್ದು ನಿಂತಳು. ಅವಳು ಎದ್ದು ನಿಂತರೆ ನಾವು ಬೆನ್ನು ಒರಗಿಸಿಕೊಳ್ಳುತ್ತೇವೆ, ಬೇಗ ಮುಗಿಯುವುದಿಲ್ಲ. "ಇವತ್ತು ಸ್ವಂತ ಫೋಲ್ಡರ್, ನಾಳೆ ಸ್ವಂತ ಮೇಜು, ನಾಳಿದ್ದು ಸ್ವಂತ ಗಿರಾಕಿ! ಇದೇ ದಾರೀಲಿ ಎಷ್ಟು ಸಂಘ ಮಣ್ಣು ಮುಕ್ಕಿವೆ ಗೊತ್ತಾ? ಕಂಪ್ಯೂಟರಿಗೂ ಒಂದೇ ಹೆಸರು ಸಾಕು. ನಾವು!"

ಚಪ್ಪಾಳೆ ಬಿತ್ತು. ನಾನೂ ಹೊಡೆದೆ. ಹಾಗೆ ನಮ್ಮ ಕಂಪ್ಯೂಟರಿನಲ್ಲಿ ಒಬ್ಬಳೇ ಬಳಕೆದಾರಳು ಹುಟ್ಟಿದಳು, ಹೆಸರು 'ನಾವು'.

"ಕಂಪ್ಯೂಟರಿಗೆ ನಾವು ಅಂದ್ರೂ ಒಬ್ಬಳೇ ಕಣ್ರೀ" ಅಂದಳು ಸೊಸೆ. "ಅದಕ್ಕೆ ಬಹುವಚನ ಬರಲ್ಲ."

ನಾವು ನಕ್ಕೆವು. ಗ್ರಂಥಾಲಯದ ಜೋಕು ಅಂದುಕೊಂಡೆವು. ಕೈ ಎತ್ತಿ ಅಂದಾಗ ಎಲ್ಲರೂ ಎತ್ತಿದರು. ಎಡಚಕ್ಕನೂ ಎತ್ತಿದಳು, ಎಡಗೈ.

ಸೆಟ್ಟಿಂಗು, ಯಾವ ಸೈಜಿಗೆ ಎಷ್ಟು ಇಂಚು ಅಂತ ನಾವು ತಿದ್ದಿದ ಅಳತೆ ಪಟ್ಟಿಗಳು, ಎಲ್ಲವನ್ನೂ ಸಭೆ ಹೇಳಿದ ಹಾಗೆ ಪ್ರೋಗ್ರಾಮಿನ ಫೋಲ್ಡರಿಗೇ ತುಂಬಿದ್ದಾಯಿತು. ಮೊದಲ ಪೆಟ್ಟು ಬೇಗ ಬಿತ್ತು. ಸೊಸೆ ಪ್ರೋಗ್ರಾಮಿನ ಹೊಸ ಆವೃತ್ತಿ ತಂದು ಹಾಕಿದಳು. ಹೊಸದು ಬರುವಾಗ ಹಳೆಯದರ ಫೋಲ್ಡರನ್ನು ಗುಡಿಸಿ ಹಾಕುತ್ತದಂತೆ. ನಮ್ಮ ಅಳತೆ ಪಟ್ಟಿಗಳೂ ಕಸದ ಜೊತೆ ಹೋದವು. ಕೂತು ಮತ್ತೆ ಎಲ್ಲ ಟೈಪು ಮಾಡಿದೆವು. "ಏನು ಕೆಲಸಾನೋ ಇವಳದ್ದು" ಅಂತ ಭಾಷಣದಕ್ಕ ಗೊಣಗಿದಳು. ಸೊಸೆ ನಾಲಿಗೆ ಕಚ್ಚಿಕೊಂಡಳು. ಆಮೇಲೆ ಹೊಸ ಆವೃತ್ತಿ ತರುವುದನ್ನೇ ಬಿಟ್ಟಳು.

ಎರಡನೆಯ ಪೆಟ್ಟು ಎಡಚಕ್ಕನ ಮೇಲೆ ಬಿತ್ತು.

ಮೇಜಿಗೆ ಇಬ್ಬರು ಕತ್ತರಿಸುವವರು. ಬೆಳಿಗ್ಗೆ ಎಡಚಕ್ಕ, ಮಧ್ಯಾಹ್ನದ ಮೇಲೆ ಲಂಬು. ಲಂಬು ನಮ್ಮಲ್ಲೆಲ್ಲ ಎತ್ತರದವಳು, ವಯಸ್ಸಿನಲ್ಲಿ ಸಣ್ಣವಳು, ಬಲಗೈಯವಳು, ಕೆಲಸದಲ್ಲಿ ಚುರುಕು. ಆಸ್ಪತ್ರೆಯ ಕೆಲಸಗಾರರಿಗೆ ಕೋಟು ಹೊಲಿದುಕೊಡುವ ದೊಡ್ಡ ಆರ್ಡರು ಬಂದಿತ್ತು. ಎಡಚಕ್ಕ ಒಂದು ಬೆಳಿಗ್ಗೆ ಎಡತೋಳುಗಳನ್ನು ಕತ್ತರಿಸಿ ಕಟ್ಟಿಟ್ಟಳು. ಮಾರನೆಯ ಬೆಳಿಗ್ಗೆ ಬಲತೋಳುಗಳು. ಹೊಲಿಗೆಯವರು ಜೋಡಿಸಲು ಕೂತಾಗ ಒಬ್ಬಳು "ಇದೇನಿದು" ಅಂದಳು. ಇನ್ನೊಬ್ಬಳೂ "ಇದೇನಿದು" ಅಂದಳು. ಅಷ್ಟೂ ತೋಳು ಎಡತೋಳುಗಳೇ! ಬಲತೋಳು ಅಂತ ಒಂದೂ ಇಲ್ಲ.

ಕಾರಣ ಈಗ ನನಗೂ ಗೊತ್ತು, ಹೇಳಿಬಿಡುತ್ತೇನೆ. ಮೊದಲ ದಿನ ನಕ್ಷೆ ಅವಳ ಸೆಟ್ಟಿಂಗಿನಂತೆ ಮಗುಚಿ ಬಂದಿತ್ತು, ಮಗುಚಿ ಹಾಸಿದ ಬಟ್ಟೆಗೆ ಸರಿಹೋಯಿತು. ಎರಡನೆಯ ದಿನ ನಕ್ಷೆ ಮಗುಚದೆ ಬಂತು. ಬಲತೋಳಿನ ನಕ್ಷೆಯನ್ನು ಮಗುಚಿದ ಬಟ್ಟೆಯ ಮೇಲಿಟ್ಟು ಕತ್ತರಿಸಿದರೆ, ಬಟ್ಟೆ ಮುಖ ತಿರುಗಿಸಿದಾಗ ಅದು ಎಡತೋಳಾಗಿರುತ್ತದೆ, ಕೈಗವಸನ್ನು ಒಳಹೊರಗು ಮಾಡಿದ ಹಾಗೆ. ಕಾಗದದ ಮೇಲೆ ಯಾವ ಮುಖ ಮೇಲೆ ಅಂತ ಬರೆದೇ ಇತ್ತು, ಆದರೆ ಸಣ್ಣ ಅಕ್ಷರದಲ್ಲಿ.

ಆ ದಿನ ಕಾರಣ ಯಾರಿಗೆ ಬೇಕಿತ್ತು? ಬಾಯಿಗೆ ಹಬ್ಬ. "ಎಡಚಕ್ಕನಿಗೆ ಲೋಕವೆಲ್ಲ ಎಡ" ಅಂದಳೊಬ್ಬಳು. "ರೋಗಿಗೆ ಚುಚ್ಚೋಕೆ ಎರಡೂ ಎಡಗೈಯಿರೋ ನರ್ಸನ್ನ ಹುಡುಕಬೇಕು, ನಿನ್ನ ಮಗನಿಗೇ ಹೇಳು" ಅಂದಳು ಇನ್ನೊಬ್ಬಳು. ಎಡಚಕ್ಕ ಒಂದು ತೋಳನ್ನು ಕೈಗೆ ತೆಗೆದುಕೊಂಡು, ಕಣ್ಣಿನ ಹತ್ತಿರ ತಂದು ನೋಡಿದಳು. ಅವಳು ಹಾಗೆ ಕಣ್ಣಿನ ಹತ್ತಿರ ತಂದದ್ದನ್ನು ಎಲ್ಲರೂ ನೋಡಿದರು. ಅದೇ ತಪ್ಪಾಯಿತು.

ಸಂಜೆಯ ಹೊತ್ತಿಗೆ ಮಾತು ತಿರುಗಿತು. ಅವಳಿಗೆ ಕಣ್ಣು ಹೋಗಿದೆ, ವಯಸ್ಸಾಯಿತು, ಮೇಜನ್ನು ಪೂರ್ತಿ ಲಂಬುಗೆ ಕೊಡೋಣ, ಎಡಚಕ್ಕ ಗುಂಡಿ ಹಾಕುವ ಮೇಜಿಗೆ ಹೋಗಲಿ. ಭಾಷಣದಕ್ಕನೇ ಬಂದು ಹೇಳಿದಳು, ಮೆತ್ತಗೆ. ಅವಳು ಮೆತ್ತಗೆ ಮಾತಾಡಿದರೆ ಕೆಡುಕು ಅಂತಲೇ ಅರ್ಥ. "ಸಭೇಲಿ ತೀರ್ಮಾನ ಮಾಡೋಣ ಅಕ್ಕ. ಕೂತ್ಕೊಂಡು ಮಾಡೋ ಕೆಲಸ, ಆರಾಮ."

"ಗುಂಡಿ ಮೇಜಿಗೆ ಹಾಕೋ ಬದಲು ನೆಟ್ಟಗೆ ಗುಂಡಿಗೇ ಹಾಕಿ ಮಣ್ಣು ಮುಚ್ಚಿ" ಅಂದಳು ಎಡಚಕ್ಕ. "ಇನ್ನೂ ಆರಾಮ."

ನಾನು ಅವಳ ಜೊತೆ ಮನೆಗೆ ಹೋದೆ. ಗೆಣ್ಣಿಗೆ ಪೆಟ್ಟು ತಿಂದು ಕಲಿತ ಮೇಜು, ಮಾಲೀಕನೂ ಬಿಡಿಸಲಾಗದ ಮೇಜು. ಅದನ್ನೀಗ ನಾವೇ ಬಿಡಿಸಲು ಹೊರಟಿದ್ದೆವು. ಅವಳು ಅಳುವ ಜಾತಿಯವಳಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

ಸೊಸೆ ಬಾಗಿಲಲ್ಲೇ ಮುಖ ನೋಡಿ "ಏನಾಯ್ತತ್ತೆ?" ಅಂದಳು. ನಾನೇ ಹೇಳಿದೆ. ಅವಳು ಅತ್ತೆಯನ್ನು ಸಮಾಧಾನ ಮಾಡಲಿಲ್ಲ, ಚಪ್ಪಲಿ ಬಿಡುವ ಮೊದಲೇ ಪ್ರಶ್ನೆ ಶುರು ಮಾಡಿದಳು.

"ನಿನ್ನೆ ಪರದೆ ಮೇಲೆ ಅಕ್ಷರ ಹೇಗಿತ್ತು?"

"ಜಿರಳೆಯಷ್ಟಿತ್ತು."

"ಇವತ್ತು?"

"ಇರುವೆ. ಸಾಲು ಇರುವೆ."

"ಹಾಗೆ ಮುಂಚೆ ಆಗಿತ್ತಾ?"

ಎಡಚಕ್ಕ ಕಾಲು ತೊಳೆಯಲು ಹೋದಳು. ಬಚ್ಚಲಿನಿಂದಲೇ ಉತ್ತರ ಬಂತು. "ದಿನಾ ಬೆಳಿಗ್ಗೆ ಆಗುತ್ತೆ. ದಿನಾ ಸರಿ ಮಾಡ್ಕೋತೀನಿ. ಇವತ್ತು ಅವಸರ, ಹಾಗೇ ಬಿಟ್ಟೆ, ನಕ್ಷೆ ಮಗುಚಿದೆಯಾ ಅಂತ ನೋಡಲಿಲ್ಲ."

"ದಿನಾ? ಯಾಕೆ ಹೇಳಲಿಲ್ಲ ನನಗೆ?"

"ನನ್ನ ಕೈಯೇ ಏನೋ ತಪ್ಪು ಒತ್ತುತ್ತೆ ಅಂದ್ಕೊಂಡೆ. ಇನ್ನು ಸಂಘದಲ್ಲಿ ಹೇಳಿದ್ರೆ, ನನ್ನದು ನನಗೆ ಬೇಕು ಅಂತ ಕೇಳಿದ ಹಾಗಾಗಲ್ವಾ? ಲೋಟಕ್ಕೆ ಹೆಸರು ಬರೆದವಳ ಗತಿ ನಾನು ನೋಡಿದೀನಿ." ಮುಖ ಒರೆಸಿಕೊಂಡು ಹೊರಗೆ ಬಂದಳು. "ಅಲ್ದೆ ಆ ಕಂಪ್ಯೂಟರ್ ಡಬ್ಬದ ಕೆಲಸ ನೀನು ಮಾಡಿದ್ದು. ಹೊರಗಡೆ ಸೊಸೆ ಮೇಲೆ ದೂರು ಹೇಳೋ ಅತ್ತೆ ನಾನಲ್ಲ. ಏನಿದ್ರೂ ಮನೆಯೊಳಗೆ."

"ಮನೆಯೊಳಗೂ ಹೇಳಲಿಲ್ವಲ್ಲ!"

"ಮನೆಯೊಳಗೆ ನಾವು ಮಾತಾಡ್ತೀವಾ?"

 ಸೊಸೆ ಪಕ್ಕನೆ ನಕ್ಕಳು. ಎಡಚಕ್ಕನೂ ಮೂಗಿನಿಂದ ಫುಸ್ಸೆಂದು ಗಾಳಿ ಬಿಟ್ಟಳು, ಅದು ಅವಳ ನಗು.

"ನಿಮ್ಮ ಕೈ ತಪ್ಪಲ್ಲ ಅತ್ತೆ" ಅಂದಳು ಸೊಸೆ. "ಲಂಬು ಸಂಜೆ ಪ್ರೋಗ್ರಾಂ ಮುಚ್ಚಿದಾಗ ಅವಳ ಸೆಟ್ಟಿಂಗ್ ಬರೆದುಕೊಳ್ಳುತ್ತೆ, ನಿಮ್ಮದರ ಮೇಲೇ. ನೀವು ಮುಚ್ಚಿದಾಗ ಅವಳದರ ಮೇಲೆ ನಿಮ್ಮದು. ಯಾರು ಕೊನೇಲಿ ಬಾಗಿಲು ಹಾಕ್ತಾರೋ ಅವರದೇ ರಾಜ್ಯ. ನಮ್ಮ ಉಪ್ಪಿನ ಡಬ್ಬಿ ಹಾಗೆ."

ಸಭೆ ಮಾರನೆಯ ದಿನ ಊಟದ ಬಿಡುವಿನಲ್ಲಿ, ಕತ್ತರಿಸುವ ಕೋಣೆಯಲ್ಲೇ ಸೇರಿತು. ಸೊಸೆ ಗ್ರಂಥಾಲಯಕ್ಕೆ ರಜೆ ಹಾಕಿ ಬಂದಿದ್ದಳು. ಮೇಜಿನ ಮೇಲೆ ತಪ್ಪು ತೋಳುಗಳ ಮೂಟೆ, ಹಗ್ಗ ಬಿಗಿದು, ಕೊಲೆ ಕೇಸಿನ ಸಾಕ್ಷಿಯ ಹಾಗೆ ಇಟ್ಟಿದ್ದರು. ಸೊಸೆ ಎದ್ದು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಲಂಬು ಬಾಯಿ ಬಿಟ್ಟಳು. "ಅಯ್ಯೋ, ನಾನೂ ದಿನಾ ಮಧ್ಯಾಹ್ನ ಸರಿ ಮಾಡ್ಕೋತಿದ್ದೆ! ನಕ್ಷೆ ತಿರುವುಮುರುವು ಬರೋದು. ನಂದೇ ಕೈತಪ್ಪು ಅಂತ ಸುಮ್ಮನಿದ್ದೆ."

ಕೋಣೆಯಲ್ಲಿ ಗುಸುಗುಸು ಶುರುವಾಯಿತು. ಆದರೆ ಭಾಷಣದಕ್ಕ ಸುಲಭಕ್ಕೆ ಬಗ್ಗುವ ಕುಳವಲ್ಲ. ಹಾಗಂತ ಅವಳು ಕೆಟ್ಟವಳೂ ಅಲ್ಲ. ಗೇಟಿನ ಮುಂದೆ ನಮ್ಮನ್ನು ಒಡೆಯಲು ಮಾಲೀಕ ಕಳಿಸಿದ ಜನ ಒಬ್ಬೊಬ್ಬಳನ್ನೇ ಪಕ್ಕಕ್ಕೆ ಕರೆದು "ನಿನಗೆ ಬೇರೆ ಏರ್ಪಾಡು ಮಾಡ್ತೀವಿ" ಅಂದಿದ್ದನ್ನು ಅವಳು ಮರೆತಿರಲಿಲ್ಲ. 'ಬೇರೆ' ಅನ್ನುವ ಮಾತು ಕೇಳಿದರೆ ಅವಳಿಗೆ ಇವತ್ತಿಗೂ ಮೈಕೂದಲು ನಿಮಿರುತ್ತದೆ.

"ಸೆಟ್ಟಿಂಗು ಗಿಟ್ಟಿಂಗು ನನಗೆ ಗೊತ್ತಿಲ್ಲ" ಅಂದಳು. "ತತ್ವ ಗೊತ್ತು. ಈ ಕೋಣೇಲಿ ನನ್ನದು, ನಿನ್ನದು ಇಲ್ಲ. ಆವತ್ತೂ ಇರಲಿಲ್ಲ, ಇವತ್ತೂ ಇಲ್ಲ. ಈ ಮೂಟೆ ಬಿಚ್ಚಿ ನೋಡ್ರಮ್ಮ, ನಷ್ಟ ಒಬ್ಬಳಿಗಾ? ಎಲ್ಲರಿಗೂ!" ಅನ್ನುತ್ತಾ, ಮಾತಿನ ರಭಸದಲ್ಲಿ, ಹಿಂದಿನ ಗೋಡೆಗೆ ಕೈ ಚಾಚಿ ಒಂದು ಕತ್ತರಿ ತೆಗೆದು ಮೂಟೆಯ ಹಗ್ಗಕ್ಕೆ ಹಾಕಿದಳು.

ಎಡಚಕ್ಕನ ಕತ್ತರಿ. ಬಲಗೈಯಲ್ಲಿ. ಹಗ್ಗಕ್ಕೆ!

ಆ ಕೋಣೆಯಲ್ಲಿ ಎದ್ದ ಕೂಗನ್ನು ನಾನು ಲಾಠಿ ಬೀಸಿದ ದಿನವೂ ಕೇಳಿರಲಿಲ್ಲ. "ಏಯ್, ಕೆಳಗಿಡೇ!" "ಬಟ್ಟೆ ಕತ್ತರೀನ ಹಗ್ಗಕ್ಕೆ ಹಾಕ್ತೀಯಾ, ತಲೆ ನೆಟ್ಟಗಿದೆಯಾ?" "ಅವಳ ಕತ್ತರಿ ನೀನ್ಯಾಕೆ ಮುಟ್ಟಿದೆ?" ನಿನ್ನೆ ಎಡಚಕ್ಕನನ್ನು ಗುಂಡಿ ಮೇಜಿಗೆ ಕಳಿಸಲು ಕುಣಿಯುತ್ತಿದ್ದವರೇ ಮುಂದೆ. ಲಂಬುವಂತೂ ಒಂದೇ ಹೆಜ್ಜೆಗೆ ಮೇಜು ದಾಟಿ ಅಧ್ಯಕ್ಷೆಯ ಮಣಿಕಟ್ಟು ಹಿಡಿದಳು. ಹಗ್ಗ ಕತ್ತರಿಸಿಯೂ ಇರಲಿಲ್ಲ, ಜಗಿದು ನಾರು ನಾರಾಗಿ ಅಲಗಿಗೆ ಸಿಕ್ಕಿಕೊಂಡಿತ್ತು.

ಸೊಸೆ ಮಾತ್ರ ಕೂಗಲಿಲ್ಲ. ಗೋಡೆಯ ಹತ್ತಿರ ಹೋದಳು. ಅಲ್ಲಿ ಮರದ ಗೂಟಗಳ ಒಂದು ಸಾಲು ಇದೆ. ಒಂದೊಂದು ಗೂಟಕ್ಕೆ ಒಂದೊಂದು ಕತ್ತರಿ. ಒಂದಕ್ಕೆ ಕೆಂಪು ಚಿಂದಿ ಸುತ್ತಿದೆ, ಒಂದಕ್ಕೆ ಹಳದಿ ದಾರ, ಒಂದರ ಹಿಡಿಗೆ ಹಳೇ ಸೈಕಲ್ ಟ್ಯೂಬು. ಸಂಘ ಹುಟ್ಟಿದಂದಿನಿಂದ ಅವು ಅಲ್ಲೇ ಇವೆ. ದಿನಾ ನೋಡುತ್ತೇವೆ. ಕಣ್ಣಿಗೆ ಬಿದ್ದಿರಲಿಲ್ಲ.

"ಇದು ಯಾರದು?" ಅಂದಳು ಸೊಸೆ, ಕೆಂಪು ಚಿಂದಿಯದನ್ನು ತೋರಿಸಿ.

"ನಂದು" ಅಂದಳು ಲಂಬು.

"ಈ ಟ್ಯೂಬು?"

"ನಂದು ಕಣಮ್ಮ" ಅಂದಳು ಗುಂಡಿ ಮೇಜಿನವಳು.

"ಯಾವ ಸಭೇಲಿ ನಿರ್ಣಯ ಆಯ್ತು ಇದು?"

ಭಾಷಣದಕ್ಕ ಅಲಗಿನಿಂದ ಹಗ್ಗದ ನಾರು ಕೀಳುತ್ತಾ ನಿಂತಿದ್ದಳು. ಕೀಳುತ್ತಲೇ ಅಂದಳು, "ಕತ್ತರಿ ಬೇರೆ ಮಾತು. ಕತ್ತರಿ ಕೈಗೆ ಕೂತಿರುತ್ತೆ. ಇನ್ನೊಬ್ಬರು ಹಿಡಿದ್ರೆ ಕೆಡುತ್ತೆ."

"ಇದೂ ಅದೇ ಮಾತು" ಅಂದಳು ಸೊಸೆ. "ನಾನು ಗೂಟದ ಕಾರು ಕೇಳ್ತಿಲ್ಲ. ಗೂಟ ಕೇಳ್ತಿದೀನಿ."

ಮೊದಲು ನಕ್ಕವಳು ಎಡಚಕ್ಕ. ಆಮೇಲೆ ಎಲ್ಲರೂ. ಭಾಷಣದಕ್ಕ ನಗುತ್ತಲೇ ಬೆರಳು ಎತ್ತಿದಳು. "ನಿಲ್ಲು, ನಿಲ್ಲು. ಗೂಟ ಆಯ್ತು. ನಾಳೆ ಲಂಬು ಅಳತೆ ಪಟ್ಟೀನೂ ತನ್ನ ಗೂಟಕ್ಕೇ ತೂಗುಹಾಕ್ಕೊಂಡು, ಇಷ್ಟ ಬಂದ ಹಾಗೆ ತಿದ್ದಿದ್ರೆ? ಅದು ನಮ್ಮೆಲ್ಲರ ದುಡಿಮೆ. ಅದು ಯಾರದೂ ಸ್ವಂತ ಅಲ್ಲ."

"ಹೌದಲ್ವಾ" ಅಂದಳು ಸೊಸೆ. ಅದನ್ನು ಅವಳು ವಾದ ಗೆಲ್ಲಲು ಅನ್ನಲಿಲ್ಲ, ಪೆನ್ನು ತೆಗೆದು ಯೋಚನೆ ಮಾಡಿದಳು. "ಅಳತೆ ಪಟ್ಟಿ ಗೂಟಕ್ಕೆ ಬೇಡ. ಅದಕ್ಕೊಂದು ಬೀರು ಮಾಡೋಣ, ಸಂಘದ ಬೀರು. ಎಲ್ಲರೂ ತೆರೆದು ನೋಡಬಹುದು, ಬಳಸಬಹುದು. ತಿದ್ದೋದು ಸಭೆ ಹೇಳಿದ್ರೆ ಮಾತ್ರ. ಪ್ರೋಗ್ರಾಂ ಇರೋ ಕೋಣೇಲಿ ಪ್ರೋಗ್ರಾಂ ಬಿಟ್ಟು ಬೇರೇನೂ ಇಡಲ್ಲ, ಅಲ್ಲಿ ಯಾರೂ ಕೈ ಹಾಕಲ್ಲ. ಹೊಸದು ಬಂದಾಗ ಆ ಕೋಣೆ ಮಾತ್ರ ಗುಡಿಸೋದು. ಬೀರು, ಗೂಟ ಮುಟ್ಟಲ್ಲ."

"ಹೊಸದಾಗಿ ಬಂದವಳಿಗೆ ಗೂಟದಲ್ಲಿ ಏನೂ ಇರಲ್ವಲ್ಲ?" ಅಂದೆ ನಾನು.

"ಕತ್ತರಿ ತಂದಿಲ್ಲದವಳು ಏನ್ ಮಾಡ್ತಾಳೆ?" ಅಂದಳು ಸೊಸೆ.

ಮೇಜಿನ ಕಾಲಿಗೆ ದಾರದಲ್ಲಿ ಕಟ್ಟಿದ ಒಂದು ಸಾದಾ ಕತ್ತರಿ ಇದೆ. ಅದನ್ನು ಬಳಸುತ್ತಾಳೆ. "ಹಾಗೇ ಇದೂ" ಅಂದಳು ಸೊಸೆ. "ಮೊದಲು ಅವಳ ಗೂಟ ನೋಡುತ್ತೆ. ಅಲ್ಲಿಲ್ಲದಿದ್ರೆ ಬೀರು. ಅಲ್ಲೂ ಇಲ್ಲದಿದ್ರೆ ಪ್ರೋಗ್ರಾಂ ಜೊತೆ ಬಂದ ಸಾದಾದ್ದು."

"ಮತ್ತೆ ಕತ್ತರಿಸುವಾಗ ಉದುರೋ ಚಿಂದಿ?" ಅಂತ ಯಾರೋ ತಮಾಷೆಗೆ ಕೇಳಿದರು.

"ಅದಕ್ಕೂ ಬುಟ್ಟಿ ಇದೆ" ಅಂದಳು ಸೊಸೆ, ತಮಾಷೆಯಿಲ್ಲದೆ. "ಪ್ರೋಗ್ರಾಂ ಕೆಲಸಕ್ಕೆ ಅಂತ ಗೀಚಿಕೊಳ್ಳೋದೆಲ್ಲ ಬೇರೆ ಜಾಗದಲ್ಲಿ. ಯಾವಾಗ ಬೇಕಾದ್ರೂ ಎಸೀಬಹುದು, ಯಾರಿಗೂ ನಷ್ಟ ಇಲ್ಲ."

ಕೈ ಎತ್ತುವ ಮೊದಲು ಎಡಚಕ್ಕ ಎದ್ದಳು. "ಗೂಟ ಕೊಡಿ, ಬಿಡಿ. ನನ್ನ ವಿಷಯ ಏನು?"

ಲಂಬು ಅಂದಳು, "ಬಲತೋಳು ಮತ್ತೆ ಕತ್ತರಿಸಲೇಬೇಕಲ್ಲ. ಅಕ್ಕನೇ ಕತ್ತರಿಸಲಿ. ಸರಿ ಬಂದ್ರೆ ಮೇಜು ಅವಳದು, ಬೆಳಿಗ್ಗೆ ಹೊತ್ತು. ಹೆಚ್ಚಾಗಿರೋ ಎಡತೋಳು ಮುಂದಿನ ಆರ್ಡರಿಗಾಯ್ತು, ಬಟ್ಟೆ ಅದೇ."

"ಸರಿ ಬರದಿದ್ರೆ?" ಅಂದಳು ಭಾಷಣದಕ್ಕ.

"ಬರದಿದ್ರೆ ನಾನೇ ಗುಂಡಿ ಮೇಜಿಗೆ ಹೋಗ್ತೀನಿ, ಹೊತ್ಕೊಂಡು ಹೋಗೋದು ಬೇಡ" ಅಂದಳು ಎಡಚಕ್ಕ.

"ಇನ್ನೊಂದು" ಅಂದಳು ಸೊಸೆ, ಅತ್ತೆಯ ಕಡೆ ನೋಡದೆ. "ಅಕ್ಷರ ದೊಡ್ಡದು ಮಾಡಿದ್ರೆ ಪೂರ್ತಿ ಆಗಲ್ಲ. ಕಣ್ಣು ತೋರಿಸ್ಬೇಕು. ಕನ್ನಡಕ ಬರಬೇಕು."

"ಅದನ್ನೂ ಸಭೇಲಿ ಹೇಳ್ಬೇಕಿತ್ತಾ?"

"ಮನೇಲಿ ನಾವು ಮಾತಾಡ್ತೀವಾ?"

ಆ ವಾರದಲ್ಲೇ ಅವಳ ಮೂಗಿನ ಮೇಲೆ ದಪ್ಪ ಗಾಜು ಕೂತಿತು. ಹಾಕಿಕೊಂಡ ಮೊದಲ ದಿನ ನನ್ನನ್ನು ನೋಡಿ "ನೀನಿಷ್ಟು ಮುದುಕಿ ಅಂತ ಗೊತ್ತೇ ಇರಲಿಲ್ಲ ಕಣೇ" ಅಂದಳು.

ಸೊಸೆ ಪ್ರೋಗ್ರಾಮನ್ನು ತಿದ್ದಿಕೊಂಡು ಬಂದ ಬೆಳಿಗ್ಗೆ ಎಲ್ಲರೂ ಕತ್ತರಿಸುವ ಕೋಣೆಯಲ್ಲೇ. ಯಾರಿಗೂ ಯಂತ್ರದ ಮುಂದೆ ಕೂರುವ ಮನಸ್ಸಿಲ್ಲ. ಕಂಪ್ಯೂಟರ್ ಈಗ ಹೆಸರು ಕೇಳುತ್ತಿತ್ತು. ಲಂಬು ಲಂಬು ಅಂತಲೇ ಹೊಡೆದಳು. ಎಡಚಕ್ಕನ ಸರದಿ ಬಂದಾಗ ಅವಳು ಬಹಳ ಹೊತ್ತು ಕೀಲಿಮಣೆ ನೋಡುತ್ತಾ ನಿಂತಳು.

"ನಿಮ್ಮ ನಿಜವಾದ ಹೆಸರು ಹಾಕ್ಲಾ?" ಅಂದಳು ಸೊಸೆ.

"ಯಾಕೆ? ಮೇಜಿಗೆ ಆ ಹೆಸರು ಗೊತ್ತಿಲ್ಲ" ಅಂದಳು. ಎಡಗೈ ತೋರುಬೆರಳಲ್ಲಿ ಒಂದೊಂದೇ ಅಕ್ಷರ ಕುಟ್ಟಿದಳು: ಎಡಚಿ. ಅಕ್ಕ ಸೇರಿಸಲಿಲ್ಲ.

ತನ್ನ ಸೆಟ್ಟಿಂಗ್ ಹಾಕಿಕೊಂಡಳು, ಅಕ್ಷರ ಜಿರಳೆಯಷ್ಟು, ನಕ್ಷೆ ಮಗುಚಿ. ಮುಚ್ಚಿದಳು. ಲಂಬು ತೆರೆದು ತನ್ನದನ್ನು ಹಾಕಿಕೊಂಡು ಒಂದು ನಕ್ಷೆ ಪ್ರಿಂಟ್ ತೆಗೆದು ಮುಚ್ಚಿದಳು. ಇಷ್ಟಾದ ಮೇಲೆ ಸೊಸೆ ಎಲ್ಲರ ಎದುರೇ ಪ್ರೋಗ್ರಾಮನ್ನು ಕಿತ್ತು ಎಸೆದಳು, ಪೂರ್ತಿ ಫೋಲ್ಡರು. ಅದೇ ಜಾಗಕ್ಕೆ ಹೊಸದನ್ನು ತಂದು ಹಾಕಿದಳು.

"ಹೋಯ್ತು! ಅಳತೆ ಪಟ್ಟಿ ಮತ್ತೆ ಹೋಯ್ತು!" ಭಾಷಣದಕ್ಕ ತಲೆಗೆ ಕೈ ಹೊತ್ತಳು.

"ಬೀರು ತೆಗೆದು ನೋಡಿ" ಅಂದಳು ಸೊಸೆ. ಪರದೆಯ ಮೇಲೆ ಸಂಘದ ಫೋಲ್ಡರು ಇತ್ತು. ಪಟ್ಟಿಗಳೆಲ್ಲ ಒಳಗೆ ಹಾಗೇ ಇದ್ದವು. ಫೋಲ್ಡರಿನ ಹೆಸರು 'ನಾವು'. ಭಾಷಣದಕ್ಕ ಅದನ್ನು ಎರಡು ಸಲ ಓದಿದಳು. ಅವಳು ಏನೂ ಹೇಳದಿದ್ದದ್ದು ಆ ದಿನದ ದೊಡ್ಡ ಸುದ್ದಿ.

ಎಡಚಕ್ಕ ಮುಂದೆ ಬಂದು ಎಡಚಿ ಅಂತ ಕುಟ್ಟಿದಳು. ಜಿರಳೆಗಳು ಬಂದವು. ನಕ್ಷೆ ಬಲತುದಿಯಿಂದ, ಮಗುಚಿ, ಅವಳಿಗೆ ಬೇಕಾದ ಹಾಗೆ ಪರದೆಯ ಮೇಲೆ ನಿಂತಿತು. ಅವಳು ಪ್ರಿಂಟರ್ ಕಡೆ ಹೋಗಿ ಕಾಗದದ ಬಾಯಿಗೆ ಕೈ ಒಡ್ಡಿ ನಿಂತಳು. ಬಟ್ಟೆ ಹಾಸಿದಳು, ಒಳಮೈ ಮೇಲೆ. ಗೂಟದಿಂದ ಕತ್ತರಿ ತೆಗೆದಳು. ಕತ್ತರಿ ಬಟ್ಟೆಯೊಳಗೆ ಹೋಗುವ ಆ ಕರಕರ ಸದ್ದು ಕೇಳಿದ ಮೇಲೆ ನಾವೂ ಒಬ್ಬೊಬ್ಬರೇ ನಮ್ಮ ನಮ್ಮ ಜಾಗಕ್ಕೆ ಹೋದೆವು.

ಮಧ್ಯಾಹ್ನದ ಹೊತ್ತಿಗೆ ಮೊದಲ ಕೋಟು ಹೊಲಿಗೆ ಮುಗಿದು ನನ್ನ ಇಸ್ತ್ರಿ ಮೇಜಿಗೆ ಬಂತು. ಬಿಸಿ ಆರುವ ಮೊದಲೇ ಲಂಬು ಕಿತ್ತುಕೊಂಡು ತೊಟ್ಟಳು. ಎಡಗೈ ಹೋಯಿತು. ಬಲಗೈ ಹಾಕುವಾಗ ಕೋಣೆಯಲ್ಲಿ ಯಂತ್ರಗಳೆಲ್ಲ ನಿಂತಿದ್ದವು. ಅದೂ ಹೋಯಿತು. ಲಂಬು ಎರಡೂ ಕೈ ಮೇಲೆತ್ತಿ ಗಿರ್ರನೆ ಒಂದು ಸುತ್ತು ತಿರುಗಿದಳು. ಭಾಷಣದಕ್ಕ ಘೋಷಣೆಯನ್ನೇ ಕೂಗಿಬಿಟ್ಟಳು, ಹಳೇ ಅಭ್ಯಾಸ.

ಎಡಚಕ್ಕ ಕತ್ತರಿಗೆ ಎಣ್ಣೆ ಒರೆಸಿ, ಹಿಡಿ ಎಡಕ್ಕೆ ಮಾಡಿ ಗೂಟಕ್ಕೆ ತೂಗುಹಾಕಿದಳು. ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದಳು.

"ಏ ಇಸ್ತ್ರಿ, ಹಲ್ಲು ಕಿರಿದಿದ್ದು ಸಾಕು. ಬಲತೋಳು ಸುಕ್ಕಾಗಿದೆ, ಈಗ ನನಗೆ ಎಲ್ಲಾ ಕಾಣುತ್ತೆ."